ಮಾತಿಲ್ಲದ ಜೀವಿಯ ಮಾತು
(ಬೈಕಂಪಾಡಿಯಲ್ಲಿ ನೀಡಿದ ಪ್ರವಚನ)



'ಕುದುರೆ ಕಂಡರೆ ಕಾಲು ನೋವು' ಎಂಬ ಗಾದೆ ನಿಮಗೆಲ್ಲ ಗೊತ್ತು. ಕುದುರೆ ಕಂಡೊಡನೆ ಮನುಷ್ಯನಿಗೆ ತನ್ನ ಕಾಲಿನ ನೋವು ನೆನಪಾಗುತ್ತದೆ. ಕುದುರೆಯ ಕಾಲಿಗೂ ನೋವಿದ್ದೀತು ಎಂಬುದು ನೆನಪಾಗುವುದಿಲ್ಲ. ಇಂದು ನಾವು ಆ ಎರಡನೆಯ ನೋವಿನ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇವೆ.

ಈ ಕರಾವಳಿಗೆ ಕುದುರೆ ಹೊಸದಲ್ಲ. ನಿಮ್ಮ ಪಕ್ಕದ ಪಣಂಬೂರಿನ ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಗೆ ಎಣ್ಣೆ, ಕಲ್ಲಿದ್ದಲು ಬರುತ್ತವೆ. ವಿಜಯನಗರದ ಕಾಲದಲ್ಲಿ ಈ ಪಶ್ಚಿಮ ಕರಾವಳಿಯ ಬಂದರುಗಳಿಗೆ ಅರಬ್, ಪಾರಸ ದೇಶಗಳಿಂದ ಕುದುರೆಗಳು ಬಂದಿಳಿದು ಘಟ್ಟ ಹತ್ತುತ್ತಿದ್ದವು. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಕುದುರೆಗಳ ಸಾಲನ್ನು ಇಂದಿಗೂ ಕಾಣಬಹುದು. ಅದಕ್ಕೂ ಹಿಂದೆ, 13ನೆಯ ಶತಮಾನದಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಒಂದು ಸಂಗತಿ ಬರೆದಿದ್ದಾನೆ. ಅರಸರು ಹೊನ್ನು ಸುರಿದು ತರಿಸಿದ ಕುದುರೆಗಳಲ್ಲಿ ಬಹುಪಾಲು, ಆರೈಕೆ ಬಲ್ಲವರಿಲ್ಲದೆ ವರ್ಷದೊಳಗೆ ಸಾಯುತ್ತಿದ್ದವಂತೆ. ಕೊಳ್ಳುವ ಶಕ್ತಿ ಇತ್ತು, ತಿಳಿಯುವ ಶಕ್ತಿ ಇರಲಿಲ್ಲ.

ತಿಳಿಯುವುದು ಹೇಗೆ? ಮೊದಲು ಕಿವಿ ನೋಡಿರಿ. ಮುಂದಕ್ಕೆ ನಿಮಿರಿದ್ದರೆ ಎದುರಿಗಿರುವುದರ ಮೇಲೆ ಗಮನವಿದೆ. ಸಡಿಲವಾಗಿ ಬದಿಗೆ ಬಿದ್ದಿದ್ದರೆ ದಣಿವು, ಇಲ್ಲವೆ ವಿಶ್ರಾಂತಿ. ಹಿಂದಕ್ಕೆ ಮಡಿಸಿ ತಲೆಗೆ ಅಂಟಿಸಿಕೊಂಡಿದ್ದರೆ ಸಿಟ್ಟು, ದೂರ ನಿಲ್ಲಿರಿ. ಕಣ್ಣಿನ ಬಿಳಿಭಾಗ ಕಾಣುವಂತೆ ಕಣ್ಣರಳಿಸಿದರೆ ಸಾಮಾನ್ಯವಾಗಿ ಅದು ಭಯ. ನೊಣವಿಲ್ಲದಿದ್ದರೂ ಬಾಲ ಬೀಸುತ್ತಿದ್ದರೆ ಅಸಮಾಧಾನ. ಹಿಂಗಾಲೊಂದನ್ನು ಸಡಿಲಬಿಟ್ಟು ನಿಂತರೆ ಆರಾಮ. ಮುಂಗಾಲನ್ನು ಮುಂದೆ ಚಾಚಿ ಭಾರ ಹಾಕದೆ ನಿಂತರೆ ಆ ಕಾಲಿನಲ್ಲಿ ನೋವಿರಬಹುದು. ಮತ್ತೆಮತ್ತೆ ತನ್ನ ಹೊಟ್ಟೆಯ ಕಡೆ ತಿರುಗಿ ನೋಡುತ್ತ ನೆಲ ಕೆರೆದರೆ ಹೊಟ್ಟೆಶೂಲೆಯ ಸಂಶಯ. ಕೂಡಲೇ ಪಶುವೈದ್ಯರನ್ನು ಕರೆಸಬೇಕು.

ಕುದುರೆ ನೋವಿಗೆ ನಾಯಿಯಂತೆ ಕಿರುಚುವುದು ಅಪರೂಪ. ಕಾಡುಮೃಗಕ್ಕೆ ಆಹಾರವಾಗುವ ಜಾತಿ ಅದು. ನೋವು ತೋರಿಸಿದ ಪ್ರಾಣಿಯನ್ನೇ ಬೇಟೆಯ ಮೃಗ ಮೊದಲು ಹಿಡಿಯುತ್ತದೆ. ಆದ್ದರಿಂದ ಅದು ನೋವನ್ನು ನುಂಗುತ್ತದೆ. ನುಂಗಿದ ನೋವು ಮುಖದಲ್ಲಿ ಉಳಿಯುತ್ತದೆ. ಬಿಗಿದ ಮೂಗಿನ ಹೊಳ್ಳೆ, ಬಿಗಿದ ಬಾಯಿ, ಉಬ್ಬಿದ ದವಡೆ, ಕಿರಿದಾದ ಕಣ್ಣು, ಕಣ್ಣಿನ ಮೇಲಿನ ಬಿಗಿತ, ಹಿಂದಕ್ಕೆ ಸೆಟೆದ ಕಿವಿ: ಈ ಆರನ್ನು ನೋಡಿ ನೋವನ್ನು ಅಳೆಯುವ ಕ್ರಮವೊಂದನ್ನು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು.

ಇನ್ನೊಂದು ಮಾತು. ನಾವು ಅದನ್ನು ನೋಡದೆ ಹೋದರೂ ಅದು ನಮ್ಮನ್ನು ನೋಡುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 28 ಕುದುರೆಗಳಿಗೆ ಮನುಷ್ಯಮುಖದ ಚಿತ್ರಗಳನ್ನು ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತೆಂದು 2016ರಲ್ಲಿ ವರದಿ ಮಾಡಿದರು. ಹುಲ್ಲು ತಿನ್ನುವ ಪ್ರಾಣಿ ನಮ್ಮ ಮುಖ ಓದಬಲ್ಲುದು. ಅಕ್ಷರ ಬಲ್ಲ ನಾವು ಅದರ ಮುಖ ಓದಲಾರೆವೇ?

ಕುದುರೆ ಒದೆದಾಗ ಜನ 'ಪುಂಡ ಕುದುರೆ' ಎನ್ನುತ್ತಾರೆ. ಅದು ಸಾಮಾನ್ಯವಾಗಿ ಮೊದಲು ಕಿವಿಯಿಂದ ಹೇಳಿರುತ್ತದೆ, ಆಮೇಲೆ ಬಾಲದಿಂದ ಹೇಳಿರುತ್ತದೆ, ಕಾಲೆತ್ತಿ ಹೇಳಿರುತ್ತದೆ. ಒದೆತವು ಅದರ ಕೊನೆಯ ಮಾತು. ಮನೆಯಲ್ಲಿ ಸೊಸೆ, ಕಾರ್ಖಾನೆಯಲ್ಲಿ ಕೂಲಿಯಾಳು ಒಮ್ಮೆ ಸಿಡಿದೆದ್ದಾಗಲೂ ಹಿಂದಿನ ಮಾತುಗಳನ್ನು ನಾವು ಕೇಳಿದ್ದೆವೇ ಎಂದು ವಿಚಾರಿಸಿಕೊಳ್ಳಬೇಕು.

ರಜೆಯ ದಿನ ಕಡಲ ಮರಳಿನ ಮೇಲೆ ಕುದುರೆಸವಾರಿಗೆ ಮಕ್ಕಳು ಹಠ ಹಿಡಿದಾವು. ಕುದುರೆಯ ಹಿಂದಿನಿಂದ ಹೋಗಬೇಡಿರಿ; ನೇರ ಬೆನ್ನ ಹಿಂದಿರುವುದು ಅದಕ್ಕೆ ಕಾಣದು. ಹೆಗಲ ಪಕ್ಕದಿಂದ, ಮೆಲ್ಲಗೆ ಮಾತಾಡುತ್ತ ಹೋಗಿರಿ. ಮಗುವನ್ನು ಎತ್ತಿ ಕೂರಿಸುವ ಮೊದಲು ಅದಕ್ಕೆ ಕಿವಿ, ಕಣ್ಣು, ಕಾಲು ತೋರಿಸಿರಿ. ಕುದುರೆ ಕುಂಟುತ್ತಿದ್ದರೆ, ಬಳಲಿದ್ದರೆ, ಸವಾರಿ ಬಿಡಿರಿ. ಆದರೆ ಕುದುರೆಯವನನ್ನು ಗದರಿಸಬೇಡಿರಿ, ಅವನಿಗೂ ಹೊಟ್ಟೆಯಿದೆ. ಸವಾರಿಯ ಹಣವನ್ನು ಅವನ ಕೈಗಿಟ್ಟು, 'ಅಣ್ಣಾ, ಇದನ್ನು ನೆರಳಿಗೆ ಕಟ್ಟಿ ನೀರು ಕುಡಿಸು' ಎನ್ನಿರಿ. ಮಗುವಿಗೆ ಆ ದಿನ ಸವಾರಿ ಸಿಗಲಿಕ್ಕಿಲ್ಲ. ಕರುಣೆ ಹೇಗಿರುತ್ತದೆ ಎಂಬುದನ್ನು ಅದು ಕಣ್ಣಾರೆ ಕಂಡಿರುತ್ತದೆ.