ಹಗಲಲ್ಲೇ ಕಾಣುವ ಗೂಗೆ

(ಅಮ್ಮಿನಬಾವಿಯಲ್ಲಿ ಊರವರ ಮುಂದೆ ಮಾಡಿದ ಭಾಷಣ)



ಧಾರವಾಡದಿಂದ ಬರುವಾಗ ರಸ್ತೆ ಬದಿಯ ಹುಣಸೆಮರವೊಂದರಲ್ಲಿ ಪಿಕಳಾರ, ಗುಬ್ಬಿ, ಅಳಿಲು ಎಲ್ಲ ಸೇರಿ ಗದ್ದಲ ಎಬ್ಬಿಸಿದ್ದವು. ಹೀಗೆ ಒಂದೇ ಕಡೆ ಮುಖ ಮಾಡಿ ಬೈಯತೊಡಗಿದವೆಂದರೆ ಅಲ್ಲಿ ಹಾವಿರಬೇಕು, ಇಲ್ಲವೇ ಗೂಗೆ ಇರಬೇಕು. ಪೊಟರೆಯ ಬಾಯಲ್ಲಿ ಹಿಡಿಯಷ್ಟು ಜೀವವೊಂದು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಅದೇ ಹಾಲಕ್ಕಿ.

ಈ ಹೆಸರು ನಿಮಗೆ ಹೊಸದಲ್ಲ. ನಸುಕಿನಲ್ಲಿ ಬಾಗಿಲಿಗೆ ಬರುವ ಬುಡಬುಡಿಕೆಯವನು ಹಾಲಕ್ಕಿಯ ನುಡಿ ಕೇಳಿ ಶಕುನ ಹೇಳುತ್ತೇನೆ ಎನ್ನುತ್ತಾನೆ. ಅವನಿಗೆ ಕಾಳು ನೀಡುವ ನಾವೇ, ಅದೇ ಹಕ್ಕಿ ಮಾಳಿಗೆಯ ಮೇಲೆ ಕೂತು ಕಿರುಚಿದರೆ ಕಲ್ಲು ಎತ್ತಿಕೊಳ್ಳುತ್ತೇವೆ! ಗ್ರೀಕರು ಇದರ ಹತ್ತಿರದ ನೆಂಟನನ್ನು ಜ್ಞಾನದೇವತೆ ಅಥೀನಾಳ ಹಕ್ಕಿಯೆಂದು ನಾಣ್ಯದ ಮೇಲೆ ಅಚ್ಚೊತ್ತಿದರು. ಹಾಲಕ್ಕಿಯ ಶಾಸ್ತ್ರೀಯ ಹೆಸರು 'ಅಥೀನೆ ಬ್ರಾಮಾ'. ಅದರಲ್ಲೂ ಆ ದೇವತೆ ಇದ್ದಾಳೆ.

ಗುರುತು ಹಿಡಿಯುವುದು ಕಷ್ಟವಲ್ಲ. ಉದ್ದ ಸುಮಾರು 21 ಸೆಂಟಿಮೀಟರು. ಕಂದು ಮೈ ಮೇಲೆ, ನೆತ್ತಿಯ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಹಳದಿ ಕಣ್ಣು, ಬಿಳಿ ಹುಬ್ಬು. ಕಲಘಟಗಿ, ದಾಂಡೇಲಿ ಕಡೆಯ ಕಾಡಿಗೆ ಹೋದರೆ ಇಷ್ಟೇ ಗಾತ್ರದ, ಹಗಲೂ ಕೂಗಾಡುವ ಇನ್ನೊಂದು ಗೂಗೆ ಸಿಗುತ್ತದೆ. ಅದಕ್ಕೆ ಚುಕ್ಕೆಯಲ್ಲ, ಮೈತುಂಬ ಅಡ್ಡಪಟ್ಟೆ.

ಚುಕ್ಕೆ ಪಟ್ಟೆಗಳ ಈ ಲೆಕ್ಕ ಯಾಕೆ ಬೇಕೆಂದು ಕೇಳಬಹುದು. ಇವುಗಳದೇ ಬಳಗದ ಮೂರನೆಯದೊಂದು, ನೆತ್ತಿಯ ಮೇಲೆ ಚುಕ್ಕೆ ಕಾಣದಷ್ಟು ಮಸುಕಾದದ್ದು, ಮಧ್ಯ ಭಾರತದ ಕಾಡಿನದು. ಅದನ್ನು 1873ರಲ್ಲಿ ಹ್ಯೂಮ್ ಹೆಸರಿಸಿದ. 1884ರ ಬಳಿಕ ಯಾರಿಗೂ ಸಿಗಲಿಲ್ಲ. 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ತನಗೆ ಸಿಕ್ಕಿತೆಂದು ಕರ್ನಲ್ ಮೈನರ್ಟ್ಸ್‌ಹಾಗೆನ್ ಹೇಳಿಕೊಂಡ. ಅದು ಶುದ್ಧ ಸುಳ್ಳು. ಬ್ರಿಟನ್ನಿನ ವಸ್ತುಸಂಗ್ರಹಾಲಯದಿಂದ ಹಳೆಯ ಹಕ್ಕಿಯನ್ನು ಕದ್ದು, ಹೊಸ ಚೀಟಿ ಕಟ್ಟಿದ್ದ. ಅದನ್ನು ಮೊದಲು ಸಂಗ್ರಹಿಸಿದ ಜೇಮ್ಸ್ ಡೇವಿಡ್‌ಸನ್ ನಮ್ಮ ಕಾರವಾರದ ಕಡೆ ಕಲೆಕ್ಟರಾಗಿದ್ದು, ಉತ್ತರ ಕನ್ನಡದ ಹಕ್ಕಿಗಳ ಬಗ್ಗೆ ಬರೆದವನು. ಆ ಸುಳ್ಳು ಚೀಟಿಯನ್ನು ನಂಬಿ ಮಾಂಡ್ವಿಯ ಕಡೆ ಹುಡುಕಿದವರಿಗೆ ಹಕ್ಕಿ ಸಿಗುವುದಾದರೂ ಹೇಗೆ? ಮೋಸ ಬಯಲಿಗೆಳೆದ ಪಮೇಲಾ ರಾಸ್ಮುಸೆನ್ ತಂಡ ನಿಜವಾದ ಹಳೆಯ ಜಾಗಗಳಲ್ಲಿ ಹುಡುಕಿ, 1997ರ ನವೆಂಬರ್ 25ರಂದು ಮಹಾರಾಷ್ಟ್ರದ ಶಹಾದಾ ಬಳಿ ಅದನ್ನು ಕಂಡಿತು, 113 ವರ್ಷದ ಮೇಲೆ, ಹಾಡಹಗಲಲ್ಲಿ.

ನಿಮ್ಮ ಹಾಲಕ್ಕಿಗೆ ಅಂಥ ಗತಿ ಬಂದಿಲ್ಲ. ಅದು ಹುಳು, ಇಲಿ ತಿಂದುಕೊಂಡು ಊರ ನಡುವೆಯೇ ಬಾಳುತ್ತದೆ. ಬೇಕಾದದ್ದು ಪೊಟರೆಯುಳ್ಳ ಮುದಿಮರ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದೂ ಅದೇ ಮರ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆ ಮರಿಗಳ ಕಾಲ. ಆಗಲಾದರೂ ಕೊಡಲಿ ತಡೆಯಿರಿ.

ಹೊತ್ತು ಮುಳುಗುವ ಮುಂಚೆ ಆ ಹುಣಸೆಮರದ ಹತ್ತಿರ ನಿಲ್ಲುತ್ತೇನೆ. ಬರುವವರು ಬನ್ನಿ, ಅದರ ಕಣ್ಣಿಗೆ ಮಾತ್ರ ಬ್ಯಾಟರಿ ಬಿಡಬೇಡಿ.