ರಂಗದ ಬಾಗಿಲಲ್ಲಿ ಕನ್ನಡದ ಅಂಗಿ



ನಾಟಕ, ಪಾರಿಜಾತ, ಗಾಯನ ಮೊದಲಾದ ಕಾರ್ಯಕ್ರಮಗಳು ನಡೆಯುವ ಸ್ಥಳದಲ್ಲಿಯೇ ಟೀ-ಶರ್ಟುಗಳಿಗೆ ಅಚ್ಚೊತ್ತಿ ಮಾರುವ ಉದ್ಯೋಗವನ್ನು ಕುರಿತು ನಾವು ಇಂದು ಎರಡು ಮಾತು ಹೇಳಬಯಸುತ್ತೇವೆ. ಕಲೆಯ ಸಭೆಯಲ್ಲಿ ವ್ಯಾಪಾರದ ಮಾತೇಕೆ ಎಂದು ಕೆಲವರು ಕೇಳಬಹುದು. ಕಲಾವಿದನಿಗೂ ಹೊಟ್ಟೆಯುಂಟು ಎಂಬುದೇ ಅದಕ್ಕೆ ಉತ್ತರ.

ಈ ರೂಢಿ ನಮಗೆ ಹೊಸದೇನಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಆಟದ ಹಾಡುಗಳ ಪುಸ್ತಕವನ್ನು ಅಲ್ಲಿಯೇ ಮಾರುತ್ತಿದ್ದರು. ನೋಡಿದವರು ಅದನ್ನು ಮನೆಗೊಯ್ದು ಹಾಡಿಕೊಳ್ಳುತ್ತಿದ್ದರು. ಕಂಪನಿಗೂ ನಾಲ್ಕು ಕಾಸು ಸೇರುತ್ತಿತ್ತು. ಆ ರಂಗಭೂಮಿಗೆ ಭಾಷೆಯ ಗಡಿಯೂ ಅಡ್ಡಬರಲಿಲ್ಲ. ಕೊಲ್ಲಾಪುರದ ನಾಟ್ಯಗೃಹಕ್ಕೆ ಯಾರ ಹೆಸರಿದೆಯೋ ಆ ಕೇಶವರಾವ್ ಭೋಸಲೆಯವರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ! ಅಂದಿನ ಹಾಡಿನ ಪುಸ್ತಕದ ಸ್ಥಾನವನ್ನು ಇಂದು ಟೀ-ಶರ್ಟು ತುಂಬಬಲ್ಲುದು.

ಬಟ್ಟೆಯ ವಿಷಯದಲ್ಲಿ ನಮ್ಮ ಸೀಮೆ ಬಡವಲ್ಲ. ಇಚಲಕರಂಜಿಯಲ್ಲಿ 1904ರಷ್ಟು ಹಿಂದೆಯೇ ಯಂತ್ರಮಗ್ಗ ಬಂದಿತು. ಆದರೆ ಒಂದು ಭೇದವನ್ನು ಅರಿತಿರಬೇಕು. ಮಗ್ಗದ್ದು ನೇಯ್ದ ಬಟ್ಟೆ. ಟೀ-ಶರ್ಟಿನದು ಹೆಣೆದ ಬಟ್ಟೆ. ಈ ಎರಡನೆಯದಕ್ಕೆ ತಿರುಪ್ಪೂರು ಹೆಸರಾಗಿದೆ. ಆದುದರಿಂದ ಅಂಗಿಯನ್ನು ಹೊರಗಿನಿಂದ ತರಿಸಿದರೂ, ಅದರ ಜೊತೆಗೆ ಮಾರುವ ಹೆಗಲಚೀಲವನ್ನು ಇಚಲಕರಂಜಿಯ ಬಟ್ಟೆಯಲ್ಲಿಯೇ ಹೊಲಿಸಬಹುದು.

ಇನ್ನು ಲೆಕ್ಕದ ಮಾತು. ಊರು, ತಾರೀಖು ಸಹಿತ ನೂರು ಅಂಗಿ ಮೊದಲೇ ಅಚ್ಚು ಮಾಡಿಸಿ, ಅರವತ್ತು ಮಾರಿದವೆನ್ನಿ. ಉಳಿದ ನಲವತ್ತನ್ನು ಮುಂದಿನ ಊರಿನಲ್ಲಿ ಯಾರು ಕೊಂಡಾರು? ಲಾಭವೆಲ್ಲ ಆ ಗಂಟಿನಲ್ಲಿಯೇ ಉಳಿಯುತ್ತದೆ. ಅದರ ಬದಲು ಬರಿಯ ಅಂಗಿಗಳನ್ನೂ, ಅಚ್ಚಾದ ವರ್ಗಾವಣೆಯ ಹಾಳೆಗಳನ್ನೂ, ಬಿಸಿ ಒತ್ತುಯಂತ್ರವೊಂದನ್ನೂ ಒಯ್ಯಬೇಕು. ಕೊಳ್ಳುವವರು ಅಳತೆ ಆರಿಸಿದ ಮೇಲೆಯೇ ಒತ್ತಬೇಕು. ಒಂದೊಂದು ಒತ್ತಿಗೆ ಕೆಲವೇ ಸೆಕೆಂಡು ಸಾಕು. ಗಡಹಿಂಗ್ಲಜದಲ್ಲಿ ಉಳಿದ ಬರಿಯ ಅಂಗಿ ಕೊಲ್ಲಾಪುರದಲ್ಲಿ ಮಾರೀತು. ಜಾಲರಿಯ ಚೌಕಟ್ಟಿನಿಂದ ಬಣ್ಣವೊತ್ತುವ ಸ್ಕ್ರೀನ್ ಮುದ್ರಣ ದೊಡ್ಡ ಸಂಖ್ಯೆಗೆ ಅಗ್ಗವೆಂಬುದು ನಿಜ. ಆದರೆ ಅದರಲ್ಲಿ ಬಣ್ಣಕ್ಕೊಂದು ಚೌಕಟ್ಟು ಬೇಕು, ಒಣಗಿಸಲು ಶಾಖ ಬೇಕು. ಧೂಳಿನ ಬಯಲಿಗೆ ಅದು ಸಲ್ಲದು.

ಅಕ್ಷರದ ಎಚ್ಚರವಂತೂ ಎಲ್ಲಕ್ಕಿಂತ ಮೇಲು. ಗಣಕಯಂತ್ರದಲ್ಲಿ ಲಿಪಿ ಹೊಂದದಿದ್ದರೆ ಒತ್ತಕ್ಷರಗಳು ಕಳಚಿ ಬೀಳುತ್ತವೆ. ಸಣ್ಣ ಗೆರೆಯೊಂದು ಮೂಡದಿದ್ದರೆ ‘ಧನ’ ಹೋಗಿ ‘ದನ’ವಾದೀತು! ಅಚ್ಚಿಗೆ ಮೊದಲು ಕನ್ನಡ ಬಲ್ಲ ಶಿಕ್ಷಕರೊಬ್ಬರು ಓದಿ ಒಪ್ಪಬೇಕು. ಕಲಾವಿದರ ಚಿತ್ರವನ್ನೋ ಹೆಸರನ್ನೋ ಬಳಸುವುದಾದರೆ ಅವರ ಅನುಮತಿ ಪಡೆದು, ಮಾರಾಟದಲ್ಲಿ ಅವರ ಪಾಲನ್ನು ಮೊದಲೇ ಗೊತ್ತುಮಾಡಬೇಕು.

ಬಂಧುಗಳೇ, ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಆದರೆ ಬೀದಿಯಲ್ಲಿ ಅದರ ಲಿಪಿ ಅವರ ಕಣ್ಣಿಗೆ ಬೀಳುವುದು ಅಪರೂಪ. ಕಾಣದ ಅಕ್ಷರ ಕ್ರಮೇಣ ಓದಲು ಬಾರದ ಅಕ್ಷರವಾಗುತ್ತದೆ. ಅಣ್ಣನ ಎದೆಯ ಮೇಲಿನ ‘ಪಾರಿಜಾತ’ವೆಂಬ ನಾಲ್ಕು ಅಕ್ಷರಗಳನ್ನು ತಂಗಿ ಕೂಡಿಸಿ ಓದಿದರೆ, ಆ ಅಂಗಿಯ ಬೆಲೆ ಅಲ್ಲಿಗೇ ತೀರಿತು. ಆದರೆ ಅದರ ಮೇಲೆ ನೆರೆಯ ಮರಾಠಿ ಬಂಧುಗಳನ್ನು ಚುಚ್ಚುವ ಮಾತು ಎಂದೂ ಬೇಡ. ಅವರೂ ಮೆಚ್ಚಿ ತೊಡುವಂಥ ಅಂಗಿ ನಮ್ಮದಾಗಲಿ.

ಬಿಡುವಿನ ವೇಳೆಯಲ್ಲಿ ದುಡಿಯಬಯಸುವ ತರುಣ ತರುಣಿಯರು ಈ ಕಾರ್ಯಕ್ಕೆ ಮುಂದಾಗಲಿ, ಹಿರಿಯರು ಬಂಡವಾಳಕ್ಕೆ ನೆರವಾಗಲಿ ಎಂದು ಕೋರಿ ನಮ್ಮ ಮಾತನ್ನು ಮುಗಿಸುತ್ತೇವೆ.