ಮಣ್ಣು ಮೆತ್ತುವ ತಂದೆ



ಹವಾಮಾನ ಕುರಿತ ನಮ್ಮ ಸಭೆಗಳಲ್ಲಿ ಹಿಮಕರಡಿಗೆ ದೊರೆಯುವ ಮನ್ನಣೆ ಕಪ್ಪೆಗೆ ದೊರೆಯುವುದಿಲ್ಲ. 2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ ಶೇಕಡಾ 41ರಷ್ಟು ಪ್ರಭೇದಗಳು ಅಳಿವಿನಂಚಿಗೆ ಸರಿದಿವೆ. ಬೇರಾವ ಕಶೇರುಕ ವರ್ಗವೂ ಇಷ್ಟು ಸಂಕಟದಲ್ಲಿಲ್ಲ. ಆದರೆ ಇಂದು ನಾನು ಹೇಳಬೇಕೆಂದಿರುವುದು ಒಂದೇ ಕಪ್ಪೆಯ ಕಥೆ.

ಶರಾವತಿ ಕಣಿವೆಯ ಕತ್ತಲೆಕಾನು ಹೆಸರಿಗೆ ತಕ್ಕ ಕಾಡು. ಅಲ್ಲಿಯ ರಾಂಪತ್ರೆ ಜಡ್ಡಿಗಳಲ್ಲಿ ಬೇರುಗಳು ಮೊಣಕಾಲು ಮಡಚಿದಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಆ ತೊರೆಗಳಲ್ಲಿ ಬದುಕುವ ಪುಟ್ಟ ಇರುಳುಗಪ್ಪೆಯೊಂದಕ್ಕೆ 2014ರಲ್ಲಿ ಕೆ. ವಿ. ಗುರುರಾಜ ಮತ್ತು ಸಂಗಡಿಗರು ವೈಜ್ಞಾನಿಕ ಹೆಸರಿಟ್ಟರು: ನಿಕ್ಟಿಬಟ್ರಾಕಸ್ ಕುಂಬಾರ. ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ನಮ್ಮ ಕುಂಬಾರ ಕುಳಿತಿರುವುದು ನನಗಂತೂ ಹೆಮ್ಮೆಯ ಸಂಗತಿ. ಹೆಸರು ಅಲಂಕಾರಕ್ಕೆ ಇಟ್ಟದ್ದಲ್ಲ. ಹೆಣ್ಣು ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಂತು, ನೀರಿನ ಮೇಲಕ್ಕೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಗಂಡು ಉಳಿಯುತ್ತದೆ. ತೊರೆಯ ತಳದ ಕೆಸರನ್ನು ಕೈಯಲ್ಲಿ ಬಾಚಿ, ಹಿಂಗಾಲುಗಳ ಮೇಲೆ ಎದ್ದುನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆಗಳು ಒಣಗದಿರಲೆಂದೋ ಬೇಟೆಗಾರರ ಕಣ್ಣಿಗೆ ಬೀಳದಿರಲೆಂದೋ ಈ ಲೇಪ ಇರಬೇಕೆಂಬುದು ಸಂಶೋಧಕರ ಊಹೆ. ಮೊಟ್ಟೆಗೆ ಹೀಗೆ ಮಣ್ಣು ಮೆತ್ತುವ ಕಪ್ಪೆಯನ್ನು ವಿಜ್ಞಾನ ಅದಕ್ಕೆ ಮುನ್ನ ದಾಖಲಿಸಿರಲಿಲ್ಲ.

ಅಂದರೆ ಈ ತಂದೆಗೆ ಬೇಕಾದದ್ದು ಕಾಡಷ್ಟೇ ಅಲ್ಲ: ನೆರಳು, ಬತ್ತದ ತೊರೆ, ಹದವಾದ ಕೆಸರು. ಇವು ಯಾವ ಪರಿಹಾರ ಅರಣ್ಯೀಕರಣದ ನೆಡುತೋಪಿನಲ್ಲೂ ಸಿಗುವುದಿಲ್ಲ.

ಜಡ್ಡಿಗಳನ್ನು ಬಸಿದು ಗದ್ದೆ, ಅಡಿಕೆ ತೋಟ ಮಾಡಿದವರು ಹೊರಗಿನವರಲ್ಲ. ಇಲ್ಲಿ ಕುಳಿತ ಕೆಲವರ ಓದಿನ ಖರ್ಚು ಹುಟ್ಟಿದ್ದು ಅಂಥ ತೋಟಗಳಲ್ಲೇ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕ ಅಭಯಾರಣ್ಯದೊಳಗೆ, 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವವಿದೆ. ಅದನ್ನು ಹಸಿರು ಶಕ್ತಿ ಎಂದು ಕರೆಯಲಾಗುತ್ತಿದೆ. ಸೌರಶಕ್ತಿಗೆ ಸಂಗ್ರಹಣೆ ಬೇಕು, ಒಪ್ಪುತ್ತೇನೆ. ಆದರೆ ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳವರು ಭೂಮಿಯ ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿರುವಾಗ, ಅದೇ ನದಿಯಿಂದ ಮತ್ತೊಂದು ತ್ಯಾಗ ಕೇಳುವುದನ್ನು ನಾನು ಒಪ್ಪಲಾರೆ.

ಅಮೆಜಾನಿನ ಮನವಿಗಳಿಗೆ ನಾವು ತಡಮಾಡದೆ ಸಹಿ ಹಾಕುತ್ತೇವೆ. ಶರಾವತಿಗಾಗಿ ನಮ್ಮ ಭಾಷೆಯಲ್ಲೇ ಒಂದು ಮನವಿ ಸಿದ್ಧವಾಗಿದೆ; ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ.